ಕೊಕ್ಕೆ ಸಾಹೇಬರ ಕುರು

ಕುರು ಎದ್ದಿದ್ದು ಕೈಯಲ್ಲೋ ಕಾಲಲ್ಲೋ ಆಗಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಅದು ಎದ್ದಿದ್ದು, ಸಾಹೇಬರು ಇಷ್ಟು ವರ್ಷ ಆಫೀಸಿನ ಕುರ್ಚಿಗೆ ಒಪ್ಪಿಸಿದ್ದ ಜಾಗದಲ್ಲಿ.

ಸಾಹೇಬರ ಕೆಲಸ ಒಂದು ಆರೋಗ್ಯ ವಿಮೆ ಕಂಪನಿಯಲ್ಲಿ. ಚಿಕಿತ್ಸೆಯ ಖರ್ಚು ಕೇಳಿ ಜನ ಹಾಕಿದ ಅರ್ಜಿಗಳೆಲ್ಲ ಅವರ ಮೇಜಿಗೆ ಬರುತ್ತಿದ್ದವು. ಅವರು ಒಂದೊಂದಕ್ಕೂ ಒಂದೊಂದು ಕೊಕ್ಕೆ ಹಾಕಿ ವಾಪಸು ಕಳಿಸುತ್ತಿದ್ದರು. ಜ್ವರ ಬಂದದ್ದಕ್ಕೆ ಪುರಾವೆ ಸಾಲದು, ಕೆಮ್ಮು ಹಳೆಯದು, ಮುರಿದದ್ದು ಎಡಗೈಯೋ ಬಲಗೈಯೋ ಸ್ಪಷ್ಟವಿಲ್ಲ. ಬೆನ್ನ ಹಿಂದೆ ಎಲ್ಲರೂ ಅವರನ್ನು ಕೊಕ್ಕೆ ಸಾಹೇಬರು ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಬೆಳಿಗ್ಗೆ ಅವರು ನಿಂತುಕೊಂಡೇ ತಿಂಡಿ ತಿನ್ನುವುದನ್ನು ಕಂಡು ಹೆಂಡತಿ ಕೇಳಿದಳು:

"ಇದೇನ್ರೀ, ಮದುವೆ ಮನೇಲಿ ಜಾಗ ಸಿಗದೋರ ಥರ?"

ಸಾಹೇಬರು ವಿಷಯ ಹೇಳಿದರು. ಹೇಳುವಾಗ ಗೋಡೆಯ ಕಡೆ ತಿರುಗಿಕೊಂಡಿದ್ದರು.

"ಅಷ್ಟೇ ತಾನೆ? ನಿಮ್ಮದೇ ವಿಮೆ ಇದೆ. ಆಸ್ಪತ್ರೆಗೆ ಹೋಗಿ ಬನ್ನಿ."

"ಹೋದ್ರೆ ಅರ್ಜಿ ನಮ್ಮ ಆಫೀಸಿಗೇ ಬರತ್ತೆ ಕಣೇ! ಯಾವ ಜಾಗ, ಯಾವ ಪಕ್ಕ, ಎಷ್ಟು ದಪ್ಪ, ಎಲ್ಲಾ ಬರೀಬೇಕು. ಮೊದಲು ನನ್ನ ಅಸಿಸ್ಟೆಂಟು ಓದ್ತಾಳೆ, ಆಮೇಲೆ ಅಕೌಂಟ್ಸಿನೋನು, ಆಮೇಲೆ ಮ್ಯಾನೇಜರು. ನಾಳೆಯಿಂದ ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಮುಖಕ್ಕೇನೂ ಆಗಿಲ್ವಲ್ಲ," ಎಂದು ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ಮುಗಿದ ಮೇಲೆ ದಾರಿಯನ್ನೂ ಅವಳೇ ತೋರಿಸಿದಳು. "ರೈಲ್ವೆ ಗೇಟಿನ ಆಚೆ ಒಬ್ಬರು ಡಾಕ್ಟರಮ್ಮ ಇದಾರಂತೆ. ವಿಮೆ ಅಂದ್ರೆ ಆಗೋದೇ ಇಲ್ವಂತೆ. ಫೀಸು ಕೈಗೆ ಕೊಟ್ರೆ ಮುಗೀತು, ಯಾರಿಗೂ ಒಂದು ಕಾಗದ ಹೋಗಲ್ಲ."

ಸಾಹೇಬರು ರಜೆ ಹಾಕಿದರು. ಸ್ಕೂಟರಿನ ಸೀಟು ನೋಡಿಯೇ ಬೆವರು ಬಂತು, ನಡೆದೇ ಹೊರಟರು.

ಕ್ಲಿನಿಕ್ಕಿನ ಬಾಗಿಲಲ್ಲಿ ಒಂದು ಬೋರ್ಡು: 'ವಿಮೆ ಕಾರ್ಡು ಬೇಡ. ಫೀಸು ಕೊಡಿ, ಕುಳಿತುಕೊಳ್ಳಿ, ಕಾಯಿಲೆ ಹೇಳಿ.' ಮಧ್ಯದ ಮಾತೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸಾಹೇಬರಿಗೆ ಹಿಡಿಸಿತು. ಒಳಗೆ ಕಾಲಿಟ್ಟರೆ, ಎದುರಿಗೇ ಪಕ್ಕದ ಮನೆಯ ಹೆಡ್‌ಮಾಸ್ತರು! ಸ್ಕೂಲಿನಿಂದ ನಿವೃತ್ತರಾಗಿದ್ದರೂ ದನಿಗೆ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ.

"ಏನ್ ಸಾಹೇಬ್ರೇ! ವಿಮೆ ಆಫೀಸಿನೋರೇ ದುಡ್ಡು ಕೊಟ್ಟು ತೋರಿಸ್ಕೊಳ್ಳೋಕೆ ಬಂದ್ಬಿಟ್ರಾ?"

ಬೆಂಚಿನ ಮೇಲಿದ್ದ ತಲೆಗಳೆಲ್ಲ ಒಟ್ಟಿಗೇ ತಿರುಗಿದವು. ಆಗ ಬಾಯಿಗೆ ಬಂದದ್ದೇ ಆ ಸುಳ್ಳು.

"ಛೇ ಛೇ, ನಾನು ಆಫೀಸಿನ ಕೆಲಸಕ್ಕೆ ಬಂದಿದೀನಿ. ಈ ಕ್ಲಿನಿಕ್ಕನ್ನ ನಮ್ಮ ವಿಮೆಗೆ ಸೇರಿಸೋಣ ಅಂತ."

"ಭೇಷ್! ಕೂತ್ಕೊಳ್ಳಿ, ಕೂತ್ಕೊಳ್ಳಿ."

"ಬೇಡ, ನಿಂತೇ ಇರ್ತೀನಿ."

ಸೇವೆಯುದ್ದಕ್ಕೂ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು ಈಗ ಸಾಹೇಬರನ್ನು ಕೂರಿಸಿಯೇ ತೀರುವ ಹಟ ಹಿಡಿದರು. ತೋಳು ಹಿಡಿದು ಜಗ್ಗಿದರು. ಸಾಹೇಬರು ಕೂತರು, ಕೂತ ವೇಗದಲ್ಲೇ ಎದ್ದರು. ಅವರ ಬಾಯಿಂದ ಹೊರಟ ಸದ್ದಿಗೆ ಮೂಲೆಯಲ್ಲಿದ್ದ ಮಗುವೊಂದು ಅಳತೊಡಗಿತು.

ಪಕ್ಕದಲ್ಲಿದ್ದ ಅಜ್ಜಿ ಕೆಮ್ಮುತ್ತಾ ಹೇಳಿದಳು: "ನನ್ನ ಹತ್ರಾನೂ ನಿಮ್ಮ ಕಾರ್ಡ್ ಇದೆ ಕಣಪ್ಪ. ಕೆಮ್ಮಿಗೆ ಅಂತ ಅರ್ಜಿ ಹಾಕಿದ್ದೆ, ಹಳೇ ಕೆಮ್ಮು ಅಂತ ವಾಪಸ್ ಬಂತು. ಹಳೇ ಮನುಷ್ಯರಿಗೆ ಹೊಸ ಕೆಮ್ಮು ಎಲ್ಲಿಂದ ಬರತ್ತೆ, ನೀನೇ ಹೇಳು? ಅದಕ್ಕೇ ವಿಮೆಗೂ ಕಟ್ಟಿ, ಇಲ್ಲೂ ಕೊಡ್ತಾ ಇದೀನಿ."

ಅವಳ ಮಾತಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಾಹೇಬರಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಆ ಕೊಕ್ಕೆ ಹಾಕಿದ ದಿನ ಅವರು ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿ ನಗಿಸಿದ್ದರು.

"ಇನ್ಮೇಲೆ ಎರಡೆರಡು ಕಡೆ ಕೊಡೋದು ಬೇಡ ಅಲ್ವೇನಪ್ಪ?" ಎಂದಳು ಅಜ್ಜಿ. ಸಾಹೇಬರು ತಮ್ಮ ಚಪ್ಪಲಿ ನೋಡಿಕೊಂಡರು.

ಅಷ್ಟರಲ್ಲಿ ಹೆಡ್‌ಮಾಸ್ತರು ಅವರನ್ನು ಡಾಕ್ಟರಮ್ಮನ ಕೋಣೆಗೆ ಎಳೆದೊಯ್ದಾಗಿತ್ತು. ವಿಷಯ ಕೇಳಿ ಡಾಕ್ಟರಮ್ಮ ಕೈಮುಗಿದರು.

"ನಿಮ್ಮ ಸಹವಾಸ ಸಾಕಪ್ಪ. ಹಿಂದೆ ನಾನೂ ಕ್ಲಿನಿಕ್ಕಲ್ಲಿ ವಿಮೆ ಇಟ್ಕೊಂಡಿದ್ದೆ. ನೆಗಡಿ ನೋಡೋಕೆ ಐದು ನಿಮಿಷ, ಅದರ ಬಗ್ಗೆ ಬರೆಯೋಕೆ ಅರ್ಧ ದಿನ. ಈಗ ಬಂದೋರು ಫೀಸು ಕೊಡ್ತಾರೆ, ನಾನು ಔಷಧಿ ಕೊಡ್ತೀನಿ, ಇಬ್ಬರಿಗೂ ನೆಮ್ಮದಿ."

ಎಷ್ಟು ಸರಿಯಾದ ಮಾತು ಎಂದುಕೊಂಡರು ಸಾಹೇಬರು. ಹೆಡ್‌ಮಾಸ್ತರು ಒಮ್ಮೆ ತೊಲಗಿದರೆ ತಾವೂ ಫೀಸು ಕೊಟ್ಟು ನೆಮ್ಮದಿ ಪಡೆಯಬಹುದಿತ್ತು. ಆದರೆ ಹೆಡ್‌ಮಾಸ್ತರು ಪಕ್ಕೆ ತಿವಿದರು: "ಹೇಳಿ ಸಾಹೇಬ್ರೇ, ಬಿಡಬೇಡಿ. ಪಾಪ, ಹೊರಗಿರೋರೆಲ್ಲ ಕಾರ್ಡ್ ಇರೋರೇ."

"ಬರೆಯೋ ಕೆಲಸವೇ ಇರಲ್ಲ ಮೇಡಂ," ಸಾಹೇಬರು ಬಾಯಿಗೆ ಬಂದದ್ದು ಹೇಳಿದರು. "ಹತ್ತೇ ನಿಮಿಷದಲ್ಲಿ ಮಂಜೂರಾತಿ. ಬಡವರು, ವಯಸ್ಸಾದೋರು..." ಎನ್ನುತ್ತಾ ಹಿಂದೆ ಸರಿದವರಿಗೆ ಮೇಜಿನ ಅಂಚು ಸರಿಯಾಗಿ ಅಲ್ಲಿಗೇ ತಾಗಿತು. ಎರಡೂ ಕಣ್ಣಲ್ಲಿ ನೀರು ದಳದಳ ಇಳಿಯಿತು.

ಡಾಕ್ಟರಮ್ಮ ಮೆತ್ತಗಾದರು. "ಜನರಿಗೋಸ್ಕರ ಇಷ್ಟು ಮರುಗೋರು ವಿಮೆ ಕಂಪನೀಲೂ ಇದಾರೆ ಅಂತ ಗೊತ್ತಿರಲಿಲ್ಲ. ಆಯ್ತು, ಸೇರ್ತೀನಿ."

ಸಾಹೇಬರು ಬೇಡ ಎನ್ನುವಷ್ಟರಲ್ಲಿ ಡಾಕ್ಟರಮ್ಮ ವಿಮೆ ಆಫೀಸಿನ ಮ್ಯಾನೇಜರಿಗೇ ಫೋನು ಮಾಡಿ ಮಾತು ಕೊಟ್ಟಾಗಿತ್ತು. ಮ್ಯಾನೇಜರು ಕುಣಿದಾಡಿಬಿಟ್ಟರು. ಹೆಡ್‌ಮಾಸ್ತರು ಹೊರಗೋಡಿ ಸುದ್ದಿ ಸಾರಿದರು. ಚಪ್ಪಾಳೆ ಕೇಳಿಸಿತು, ಅದರ ನಡುವೆ ಅಜ್ಜಿಯ ಕೆಮ್ಮೂ ಕೇಳಿಸಿತು.

ಸಾಹೇಬರು ಬಾಗಿಲ ಚಿಲಕ ಹಾಕಿ, ಪಿಸುದನಿಯಲ್ಲಿ ನಿಜ ಹೇಳಿದರು. ಡಾಕ್ಟರಮ್ಮ ಅವರನ್ನು ಬೋರಲು ಮಲಗಿಸಿ ನೋಡಿದರು.

"ಅಯ್ಯೋ, ಇದನ್ನ ಇವತ್ತೇ ಸೀಳಬೇಕು."

"ಸೀಳಿ ಡಾಕ್ಟ್ರೇ. ಫೀಸು ಎಷ್ಟಾದ್ರೂ ಸರಿ, ಈಗಲೇ ಕೊಡ್ತೀನಿ."

"ಅದು ಹೇಗಾಗತ್ತೆ? ಕಾರ್ಡ್ ಇರೋರ ಹತ್ರ ಈ ಕ್ಷಣದಿಂದ ದುಡ್ಡು ಮುಟ್ಟಲ್ಲ ಅಂತ ಈಗ ತಾನೇ ಮಾತು ಕೊಟ್ಟೆ. ಹತ್ತೇ ನಿಮಿಷ ಅಂದ್ರಲ್ಲ, ಸುಮ್ನಿರಿ." ಅವರ ಬೆರಳು ಆಗಲೇ ಕಂಪ್ಯೂಟರಿನ ಮೇಲಿತ್ತು.

"ಜಾಗ ಬರೀಬೇಡಿ ಡಾಕ್ಟ್ರೇ, ನಿಮ್ಮ ದಮ್ಮಯ್ಯ!"

"ಬರೀದಿದ್ರೆ ವಾಪಸ್ ಬರತ್ತೆ. ನಿಮ್ಮಲ್ಲಿ ಯಾರೋ ಒಬ್ಬರು ಎಲ್ಲದಕ್ಕೂ ಕೊಕ್ಕೆ ಹಾಕ್ತಾರಂತಲ್ಲ, ಯಾರ್ರೀ ಅದು?"

ಸಾಹೇಬರು ದಿಂಬಿನಲ್ಲಿ ಮುಖ ಹುದುಗಿಸಿದರು. ಹತ್ತು ನಿಮಿಷವೂ ಬೇಕಾಗಲಿಲ್ಲ, ಫೋನು ಬಂತು. ಡಾಕ್ಟರಮ್ಮ ಕೈಗವಸು ಹಾಕಿಕೊಂಡಿದ್ದರಿಂದ ಸ್ಪೀಕರು ಒತ್ತಿದರು. ಸಾಹೇಬರ ಅಸಿಸ್ಟೆಂಟಿನ ದನಿ ಕೋಣೆಯನ್ನೆಲ್ಲ ತುಂಬಿತು.

"ಮೇಡಂ, ಮೊದಲನೇ ಕೇಸು ಅಂತ ಇಡೀ ಆಫೀಸು ಇಲ್ಲೇ ಸೇರಿದೆ. ಮ್ಯಾನೇಜರೂ ಇದಾರೆ. ನಮ್ಮ ಸಾರ್‌ದೇ ಅಂತ ಗೊತ್ತಾಗಿ ಎಲ್ಲರಿಗೂ ತುಂಬಾ ಬೇಜಾರಾಯ್ತು." ಹಿಂದೆ ಯಾರೋ ಬೇಜಾರು ತಡೆಯಲಾರದೆ ಕಿಸಕ್ಕೆಂದರು. "ಮಂಜೂರು ಮಾಡೋಕೆ ರೆಡಿ. ಒಂದು ಫೋಟೋ ಮಾತ್ರ ಕಳಿಸಿ. ಕುರೂ ಕಾಣಬೇಕು, ಕಾರ್ಡಿನೋರ ಮುಖಾನೂ ಕಾಣಬೇಕು. ಒಂದೇ ಫೋಟೋದಲ್ಲಿ."

"ಇದೆಂಥಾ ನಿಯಮ! ಯಾರು ಮಾಡಿದ್ದು?"

ಆ ಕಡೆ ಇನ್ನೊಬ್ಬರು ಕಿಸಕ್ಕೆಂದರು.

"ಸಾರ್ ಅಲ್ಲೇ ಇದಾರಲ್ಲ ಮೇಡಂ, ಅವರನ್ನೇ ಕೇಳಿ."

ಡಾಕ್ಟರಮ್ಮ ಮಂಚದ ಕಡೆ ನೋಡಿದರು. ದಿಂಬಿನಿಂದ ಮುಖ ಮೇಲೇಳಲಿಲ್ಲ. ಹೊರಗೆ ಚಪ್ಪಾಳೆ ಯಾವಾಗಲೋ ನಿಂತಿತ್ತು. ಬಾಗಿಲಿಗೆ ಕಿವಿಗೊಟ್ಟವರ ಉಸಿರು ಒಳಗೇ ಕೇಳುತ್ತಿತ್ತು. ಆಮೇಲೆ ಚಿಲಕದ ಆಚೆಯಿಂದ ಹೆಡ್‌ಮಾಸ್ತರರ ದನಿ ಬಂತು:

"ಫೋಟೋ ನಾನು ತೆಗೀತೀನಿ ಡಾಕ್ಟರಮ್ಮ, ನನ್ನ ಫೋನಲ್ಲಿ ಚೆನ್ನಾಗಿ ಬರತ್ತೆ! ಸಾಹೇಬ್ರಿಗೆ ಸ್ವಲ್ಪ ಬಾಗಿಲ ಕಡೆ ತಿರುಗಿ ನಗೋಕೆ ಹೇಳಿ."