ಸರದಾರನ ಮಗಳ ಮದುವೆಯ ಮುನ್ನೂರನೇ ವರ್ಷ

ಸನ್ ೧೯೪೮ರ ಬ್ಯಾಸಗಿಯಲ್ಲಿ ವಿಜಾಪುರ ಪಟ್ಟಣದಲ್ಲಿ ಇತಿಹಾಸದ ಕೊರತೆ ಉಂಟಾಯಿತು. ಇದು ದಫ್ತರದಲ್ಲಿ ದಾಖಲಾದ ಸಂಗತಿ. ಎಡವಿದರೆ ಗೋರಿ, ಎದ್ದರೆ ಕೋಟೆ ಇರುವ ನಮ್ಮಂಥ ಊರಿನಲ್ಲಿ ಇದು ಹೆಂಗಾತು ಎಂದು ಯಾರೂ ಕೇಳಲಿಲ್ಲ. ಕೇಳುವ ಚಟ ನಮ್ಮೂರಿಗೆ ಮೊದಲಿನಿಂದಲೂ ಇಲ್ಲ.

ಇಬ್ರಾಹಿಂಪುರದ ರೈಲು ಹಳಿಯ ಬಾಜೂಕಿನ ಒಂದು ಕೋಣೆಯಲ್ಲಿ ಹೊಸದಾಗಿ ದಿನಾಚರಣೆ ಖಾತೆ ತೆರೆದಿದ್ದರು. ಅದರ ಕಲಮು ನಾಲ್ಕರ ಪ್ರಕಾರ ಯುಗಾದಿಯಿಂದ ಮಿರಗದ ಮಳೆ ಬರುವತನಕ ವಾರಕ್ಕೊಂದು ಚಾರಿತ್ರಿಕ ದಿನ ಆಚರಿಸತಕ್ಕದ್ದು. ಐದು ವಾರದೊಳಗೆ ಹುಟ್ಟಿದ ರಾಜರು, ಸತ್ತ ರಾಜರು, ಗೆದ್ದ ಲಡಾಯಿಗಳು ಎಲ್ಲಾ ಖರ್ಚಾದವು. ಆರನೇ ವಾರ ಸೋತ ಲಡಾಯಿಯೊಂದನ್ನು ಆಚರಿಸಿ, ಗೆದ್ದವರ ಕಡೆಯವರು ಬಂದರೆ ಇರಲಿ ಎಂದು ನಾಲ್ಕು ಕುರ್ಚಿ ಹಾಕಿಟ್ಟರು. ಏಳನೇ ವಾರಕ್ಕೆ ಏನೂ ಉಳಿಯಲಿಲ್ಲ.

ಖಾತೆಗೆ ಇದ್ದವನು ಒಬ್ಬನೇ ಕಾರಕೂನ, ಟಿಕೋಟಾದ ಶಿವಯೋಗೆಪ್ಪ. ಆತನ ಚಿಂತಿಯೇ ಬೇರೆ. ಒಬ್ಬಳೇ ಮಗಳು ಸಕ್ರವ್ವನ ಮದುವೆ ಬರುವ ಸೋಮವಾರ ಟಿಕೋಟಾದ ಮನೆಯಲ್ಲಿ ನಿಕ್ಕಿಯಾಗಿತ್ತು. ವರ ಬಬಲೇಶ್ವರದ ಮಲಕಾಜಪ್ಪ. ಆದರೆ ಕಲಮು ಏಳರ ಪ್ರಕಾರ ಬ್ಯಾಸಗಿಯಲ್ಲಿ ಯಾರಿಗೂ ರಜಾ ಇಲ್ಲ. ಹೇಳದೆ ಹೋದರೆ ನೌಕರಿ ಹೋಗುತ್ತದೆ. ನೌಕರಿ ಹೋದರೆ ಬೀಗರು ದಿಬ್ಬಣ ತಿರುಗಿಸುತ್ತಾರೆ, ಯಾಕಂದರೆ ಅವರು ಹೆಣ್ಣು ನೋಡಿದ್ದಕ್ಕಿಂತ ಹೆಚ್ಚಾಗಿ ಸರಕಾರಿ ಬೀಗನನ್ನು ನೋಡಿ ಒಪ್ಪಿದ್ದರು.

ಹೆಂಡತಿ ಮುರಿಗೆವ್ವ ಕೇಳಿದಳು: "ಮಗಳ ಮದುವ್ಯಾಗ ಅಪ್ಪನ ಇಲ್ಲಂದ್ರ ಅಕ್ಕಿಕಾಳು ಯಾರು ಹಾಕಬೇಕ್ರಿ? ನಿಮ್ಮ ದಫ್ತರ ಬಂದು ಹಾಕ್ತೈತೇನು?"

ಆಗ ಶಿವಯೋಗೆಪ್ಪನಿಗೆ ಹೊಳೆಯಿತು. ಆಚರಣೆಯ ದಿನ ಊರಿಗೆಲ್ಲಾ ರಜಾ, ಸೂಟಿ! ಕೂಡಲೇ ಬರೆದ: "ಮುನ್ನೂರು ವರ್ಷಗಳ ಹಿಂದೆ ಇದೇ ದಿನ ಒಬ್ಬ ಸರದಾರನು ಟಿಕೋಟಾದಲ್ಲಿ ಬೀಡು ಬಿಟ್ಟು ತನ್ನ ಮಗಳ ಮದುವೆ ಮಾಡಿದನು." ಪಾಪ, ತಲೆಯೊಳಗೆ ಮದುವೆ ಬಿಟ್ಟು ಬೇರೇನೂ ಇರಲಿಲ್ಲ. ಸುಳ್ಳೂ ಮದುವೆಯದೇ ಬಂತು.

ಖಾತೆಯ ಸಾಹೇಬರು ನಿಜಾಮುದ್ದೀನರು. "ಯಾವ ಸರದಾರರೀ?" ಎಂದರು.

"ಹೆಸರು ಸಿಕ್ಕಿಲ್ಲರಿ. ಮದುವಿ ಮುಗದ ಮ್ಯಾಲೆ ಹೆಣ್ಣಿನ ಅಪ್ಪನ ಹೆಸರು ಯಾರು ನೆನಪಿಡ್ತಾರ್ರಿ?"

ಸಾಹೇಬರು ಮೂರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದವರು. ಸಹಿ ಹಾಕಿದರು.

ಮರುದಿನ ಕರೆದು ಹೇಳಿದರು: "ಸೋಮವಾರ ಹೊತ್ತು ಹೊಂಟಾಗಿಂದ ಮುಳುಗೂತನಕ ನೀವು ಆಚರಣೆಯ ಕೆಲಸಕ್ಕ ಹಾಜರಿರಬೇಕು ನೋಡ್ರಿ. ಸೂಟಿ ಊರಿಗೆ, ನಮಗಲ್ಲ. ಕಲಮು ಹನ್ನೊಂದು."

ಶಿವಯೋಗೆಪ್ಪ ಕಲಮು ನೋಡಿದ. ಅಕ್ಷರ ತನ್ನದೇ. ಎಲ್ಲಾ ಕಲಮುಗಳನ್ನೂ ಮೂರು ಪ್ರತಿ ನಕಲು ಮಾಡಿದವನು ತಾನೇ.

"ಬರೀವಾಗ ಓದಿರಲಿಲ್ಲೇನ್ರಿ?"

"ನಕಲು ಮಾಡೋದಷ್ಟ ನನ್ನ ಕೆಲಸರಿ. ಓದೋದು ತಮ್ಮದಂತ ತಿಳದಿದ್ದೆ."

"ನಂದು ಸಹಿ ಅಷ್ಟ. ಓದೋದು ನಿಮ್ಮದಂತ ನಾ ತಿಳದಿದ್ದೆ."

ಹೀಗೆ ಕಲಮುಗಳನ್ನು ಇಲ್ಲಿಯತನಕ ಯಾರೂ ಓದಿಲ್ಲವೆಂದು ಸಿದ್ಧವಾಯಿತು. ಶಿವಯೋಗೆಪ್ಪ ಹಣೆ ಹಣೆ ಬಡಕೊಂಡ. "ಶಾಣ್ಯಾ ಆಗಾಕ ಹೋದ್ಯಲ್ಲೋ ಶಿವಯೋಗ್ಯಾ! ತೋಡಿದ ತೆಗ್ಗಿನ್ಯಾಗ ನೀನ ಬಿದ್ದಿ. ಒಬ್ಬಾಕಿ ಮಗಳ್ರಿ ಸಾಹೇಬ್ರ, ಒಬ್ಬಾಕಿ!" ಎಂದು ಅಲ್ಲೇ ಕುಕ್ಕರಿಸಿದ.

ಸಾಹೇಬರು ಕನಿಕರಪಟ್ಟು ಕಲಮುಗಳನ್ನು ಓದಲಿಕ್ಕೆ ಕುಳಿತರು. ಕಲಮು ಹದಿಮೂರು: ಘಟನೆ ನಡೆದ ಸ್ಥಳದಲ್ಲೇ, ನಡೆದ ಹಾಗೆಯೇ ಮಾಡಿ ತೋರಿಸತಕ್ಕದ್ದು.

"ಅಂದ್ರ ಟಿಕೋಟಾದಾಗ ಮದುವಿ ಮಾಡಿ ತೋರಸಬೇಕು. ಮದುಮಗಳನ್ನ ಎಲ್ಲಿಂದ ತರೋದು?"

"ಒಬ್ಬಾಕಿ ತಯಾರ ಅದಾಳ್ರಿ," ಎಂದ ಶಿವಯೋಗೆಪ್ಪ.

ಸೋಮವಾರ ಸಕ್ರವ್ವನ ಮದುವೆ ಸರಕಾರಿ ಹಂದರದಲ್ಲಿ ನಡೆಯಿತು. ಸರದಾರನಾಗಿ ಶಿವಯೋಗೆಪ್ಪ ರುಂಬಾಲು ಸುತ್ತಿ, ಕಟಿಗಿಯ ಖಡ್ಗ ಕಟ್ಟಿದ್ದ. ಕಾರಕೂನನ ಮನೆಗೆ ಬಂದ ಬೀಗರು ಸರದಾರನ ಮನೆ ಸಿಕ್ಕಿತೆಂದು ಹಿಗ್ಗಿದರು. ಅಕ್ಕಿಕಾಳು ಬಿದ್ದು, ಗಾಡಿ ಹತ್ತುವಾಗ ಮಗಳು "ಯಪ್ಪಾ" ಎಂದು ಕೊರಳಿಗೆ ಬಿದ್ದಳು. ಸರದಾರ ಕೂಸಿನಂತೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಸಾಹೇಬರು ವರದಿಯಲ್ಲಿ ಬರೆದುಕೊಂಡರು: "ಸರದಾರನು ಕಣ್ಣೀರಿಟ್ಟನು."

೧೯೪೯ರ ಬ್ಯಾಸಗಿ ಬಂತು. ಈಗ ಕಲಮು ಒಂಬತ್ತನ್ನೂ ಓದಿದ್ದರು: ಒಮ್ಮೆ ನಮೂದಾದ ದಿನವನ್ನು ಹೊಡೆದುಹಾಕಲಾಗದು, ಪ್ರತಿವರ್ಷ ಹಿಂದಿನ ವರದಿಯಂತೆಯೇ ನಡೆಯತಕ್ಕದ್ದು. ಸಕ್ರವ್ವ, ಮಲಕಾಜಪ್ಪ ಇಬ್ಬರಿಗೂ ಮದುವೆಗೆ ಹಾಜರಾಗಲು ಬಬಲೇಶ್ವರಕ್ಕೆ ಹುಕುಮು ಹೋಯಿತು. ಎರಡು ತಿಂಗಳ ಹೆಣ್ಣುಕೂಸು ಕಟ್ಟಿಕೊಂಡು ಬಂದರು.

"ವರದಿಯೊಳಗ ಕೂಸಿಲ್ಲಲ್ಲಾ!" ಸಾಹೇಬರು ಗಾಬರಿಯಾದರು.

ಮುರಿಗೆವ್ವ ಸಿಡುಕಿದಳು: "ಮದುವಿ ಮಾಡಿಸಿದವ್ರು ನೀವು. ಕೂಸು ಎಲ್ಲಿಂದ ಬಂತಂತ ನಮ್ಮನ್ನ ಕೇಳ್ತೀರಲ್ರಿ!"

ಕೂಸನ್ನು ಪ್ರೇಕ್ಷಕರ ಪೈಕಿ ನಮೂದಿಸಲಾಯಿತು. ಅಕ್ಕಿಕಾಳು ಬಿದ್ದವು. ಮಗಳು ಕೊರಳಿಗೆ ಬಿದ್ದಳು. ಕಣ್ಣೀರು ಮಾತ್ರ ಬರಲಿಲ್ಲ.

"ಅಳ್ರಿ," ಎಂದರು ಸಾಹೇಬರು.

"ಬರವಲ್ದರಿ. ಮಗಳು ಮೈಕೈ ತುಂಬಕೊಂಡು ಬಂದಾಳ, ಮೊಮ್ಮಗಳು ನಗಾಕತ್ತಾಳ. ಸಂತೋಷ ಆಗೇತ್ರಿ."

"ಸಂತೋಷ ವರದಿಯೊಳಗಿಲ್ರಿ."

ಬೀಗರು ಪಂಕ್ತಿಯಿಂದಲೇ ಕೂಗಿದರು: "ಅಳ್ರಿ ಬೀಗರ, ಹಸಿವ್ಯಾಗೇತಿ! ಎಲಿ ಹಾಕಿ ಎಷ್ಟೊತ್ತಾತು!"

ಕೊನೆಗೆ ಮದುಮಗಳೇ ಅಡಗಿಮನಿಗೆ ಓಡಿ, ಒಂದು ಉಳ್ಳಾಗಡ್ಡಿ ತಂದು ಮುಷ್ಟಿಯಿಂದ ಗುದ್ದಿ ಅಪ್ಪನ ಮೂಗಿಗೆ ಹಿಡಿದಳು. "ಅಳೋ ಯಪ್ಪಾ, ಕೂಸು ಹಾಲಿಗೆ ಅಳಾಕತ್ತೈತಿ. ಲಗೂ ಅತ್ತು ಮುಗಸು." ಸರದಾರನು ಕಣ್ಣೀರಿಟ್ಟನು. ಸಾಹೇಬರು ಬರೆದುಕೊಂಡರು. ಎಲ್ಲರೂ ಹೋಳಿಗಿ ಉಂಡರು.

ಮುಂದಿನ ವರ್ಷದ ಸಾಮಾನಿನ ಯಾದಿಯನ್ನು ಶಿವಯೋಗೆಪ್ಪನೇ ಬರೆದ: ಹಂದರ ಒಂದು, ರುಂಬಾಲು ಒಂದು, ಖಡ್ಗ ಒಂದು, ಉಳ್ಳಾಗಡ್ಡಿ ಎರಡು. ಸಹಿ ಮಾಡುವ ಮೊದಲು ಸಾಹೇಬರು, ಓದುವ ಹೊಸ ಚಟ ಹತ್ತಿದವರು, ಎರಡ್ಯಾಕೆ ಎಂದು ಕೇಳಿದರು.

"ಒಂದು ನನಗರಿ," ಎಂದ ಶಿವಯೋಗೆಪ್ಪ. "ಇನ್ನೊಂದು ಅಳಿಯಾಗ. ಆತಗೂ ಹೆಣ್ಣುಕೂಸು ಹುಟ್ಟೇತಿ. ಈಗಿಂದ ರೂಢಿ ಆಗ್ಲಿ."

ಸಾಹೇಬರು ಮಂಜೂರು ಮಾಡಿದರು.