ಕಣ್ಣು ಮುಚ್ಚಿ ಕೇಳಿದ ವಿಮರ್ಶೆ

ನೀವೇ ಹೇಳಿ ಸ್ವಾಮಿ, ಮೂವತ್ತೈದು ವರ್ಷದಿಂದ ಒಂದೇ ಆಡಿಯೋ ಸಲಕರಣೆಗಳ ಮಾಸಪತ್ರಿಕೆ ತರಿಸುತ್ತಿರುವ ಮನುಷ್ಯನಿಗೆ ಕೋಪ ಮಾಡಿಕೊಳ್ಳುವ ಹಕ್ಕಿದೆಯೋ ಇಲ್ಲವೋ? ಈಗಿನ ವಿಮರ್ಶೆಗಳನ್ನು ಓದಿದರೆ ಮೈಯೆಲ್ಲ ಉರಿಯುತ್ತದೆ. ಪ್ರತಿಯೊಂದು ಸ್ಪೀಕರೂ ಅದ್ಭುತ, ಪ್ರತಿಯೊಂದು ಆಂಪ್ಲಿಫೈಯರೂ ಅಮೋಘ, ಗೋಡೆಗೆ ಚುಚ್ಚುವ ವೈರು ಕೂಡ ಗಂಧರ್ವಲೋಕದಿಂದ ಇಳಿದು ಬಂದದ್ದು! ಒಂದನ್ನಾದರೂ ‘ಚೆನ್ನಾಗಿಲ್ಲ’ ಎಂದು ಬರೆದರೆ ಇವರ ಗಂಟೇನು ಹೋಗುತ್ತದೆ?

ಬೆಳಗ್ಗೆಯೇ ಸಂಪಾದಕರಿಗೆ ಒಂದು ಉಗ್ರ ಪತ್ರ ಬರೆದು ಮೇಜಿನ ಮೇಲಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಗುಡುಗಿದೆ:

“ಹಳೇ ಸಂಚಿಕೆ ನೋಡು, ಒಂದೊಂದೂ ಚಿನ್ನ!”

“ಆ ಚಿನ್ನಾನೆಲ್ಲ ಭಾನುವಾರದೊಳಗೆ ಖಾಲಿ ಮಾಡಿ. ಅಮ್ಮ ಬರ್ತಾರೆ,” ಎಂದಳು ಹೆಂಡತಿ, ತಲೆಯೆತ್ತದೆ.

ಅತ್ತೆಯವರ ಮಂಡಿಗೆ ಆಪರೇಷನ್ ಆಗಿತ್ತು, ಮೆಟ್ಟಿಲು ಹತ್ತುವಂತಿರಲಿಲ್ಲ. ಕೆಳಗೆ ಇರುವುದು ಒಂದೇ ಕೋಣೆ. ಅದರಲ್ಲಿ ನೆಲದಿಂದ ಕಿಟಕಿಯವರೆಗೆ ನನ್ನ ನಾನೂರು ಚಿಲ್ಲರೆ ಸಂಚಿಕೆಗಳು.

“ಅವು ಹೋದ್ರೆ ನಾನೂ ಹೋದ ಹಾಗೆ!”

“ಹಾಗಾದ್ರೆ ಇನ್ನೂ ಸ್ವಲ್ಪ ಜಾಗ ಆಗತ್ತೆ.”

ಕೊನೆಗೆ ಒಪ್ಪಂದವಾಯಿತು. ಹಳೆಯದು ಹೊಸದಕ್ಕಿಂತ ಮೇಲು ಎಂದು ಸಾಬೀತಾದರೆ ಅವಳ ಬೀರು ನನ್ನ ಪತ್ರಿಕೆಗಳಿಗೆ. ಇಲ್ಲವಾದರೆ ಎಲ್ಲ ರದ್ದಿಯವನಿಗೆ. ಯಾವ ಸಂಚಿಕೆ ಎಂದು ಹೇಳದೆ ಅವಳು ಓದುವುದು, ಯಾವುದು ಮೇಲೆಂದು ನಾನು ಹೇಳುವುದು; ತೀರ್ಪುಗಾರ್ತಿ ಅವಳೇ. (ಹೆಂಡತಿ ಶಾಲೆಯಲ್ಲಿ ಟೀಚರ್. ಉತ್ತರಪತ್ರಿಕೆ ತಿದ್ದುವಾಗ ಹೆಸರಿನ ಮೇಲೆ ಹೆಬ್ಬೆರಳು ಒತ್ತಿಟ್ಟುಕೊಳ್ಳುತ್ತಾಳೆ, ಪಕ್ಷಪಾತ ಆಗಬಾರದಂತೆ.)

ನಾನು ನೀಲಿ ಮುಖಪುಟದ ಒಂದು ಹಳೆಯ ಸಂಚಿಕೆಯನ್ನು ಆರಿಸಿದೆ. ಮೂವತ್ತೊಂದು ವರ್ಷ ಹಿಂದಿನದು, ಪತ್ರಿಕೆಯ ಸುವರ್ಣಯುಗ! ಜೊತೆಗೆ ಈ ತಿಂಗಳ ಸಂಚಿಕೆಯನ್ನೂ ಕೊಟ್ಟೆ. ಅವಳು ಎರಡನ್ನೂ ಹಾಜರಿ ಪುಸ್ತಕದ ಮರೆಯಲ್ಲಿಟ್ಟುಕೊಂಡು ಪುಟ ತಿರುವತೊಡಗಿದಳು. ನಾನು ಕಣ್ಣು ಮುಚ್ಚಿ ಕುಳಿತೆ. ಏನನ್ನೇ ಕೇಳುವಾಗಲೂ ನನ್ನ ಪದ್ಧತಿ ಅದು.

“ಓದುಗರ ಪತ್ರ ಒಂದಿದೆ, ಕೇಳಿ. ‘ಮಾನ್ಯ ಸಂಪಾದಕರೇ, ನಿಮ್ಮ ಪತ್ರಿಕೆಗೆ ಏನು ಬಡಿದಿದೆ? ಎಲ್ಲ ಸ್ಪೀಕರುಗಳೂ ಅದ್ಭುತವಾದರೆ ವಿಮರ್ಶಕನಿಗೆ ಕಿವಿ ಯಾತಕ್ಕೆ, ಕನ್ನಡಕ ಸಿಕ್ಕಿಸಿಕೊಳ್ಳುವುದಕ್ಕೇ? ಆ ಹಳೆಯ ಸಂಚಿಕೆಗಳೆಲ್ಲಿ, ಈಗಿನ ಈ ಕಸವೆಲ್ಲಿ!’”

ನಾನು ಕುರ್ಚಿಯಿಂದ ಎಗರಿದೆ.

“ಭೇಷ್! ಇವನಪ್ಪಾ ಮನುಷ್ಯ ಅಂದ್ರೆ! ಈ ತಿಂಗಳ ಸಂಚಿಕೆಗೆ ಸರಿಯಾಗಿ ಬಾರಿಸಿದಾನೆ. ಯಾರೇ ಈ ಮಹಾನುಭಾವ? ಹೋಗಿ ಕೈಮುಗಿದು ಬರ್ತೀನಿ.”

“ದೂರ ಏನಿಲ್ಲ. ಬಚ್ಚಲುಮನೇಲಿ ಕನ್ನಡಿ ಇದೆ, ಹೋಗಿ,” ಎಂದು ಅವಳು ಹಾಜರಿ ಪುಸ್ತಕ ಸರಿಸಿ, ಹೆಸರಿನ ಮೇಲಿದ್ದ ಹೆಬ್ಬೆರಳು ತೆಗೆದಳು.

ಕೆಳಗೆ ಅಚ್ಚಾಗಿದ್ದದ್ದು ನನ್ನ ಹೆಸರು, ನನ್ನ ವಿಳಾಸ. ಅವಳ ಕೈಯಲ್ಲಿದ್ದದ್ದು ನೀಲಿ ಮುಖಪುಟ!

ಅವಳು ಮೇಜಿನ ಮೇಲಿದ್ದ ಬೆಳಗಿನ ಪತ್ರವನ್ನು ತಂದು ಪಕ್ಕದಲ್ಲಿಟ್ಟಳು. ಒಂದು ಸಾಲು ಬಿಟ್ಟರೆ ಉಳಿದದ್ದೆಲ್ಲ ಅದೇ.

“ನಮ್ಮ ಶಾಲೇಲಿ ಇದನ್ನ ಕಾಪಿ ಅಂತೀವಿ. ಮೈ ಯಾಕೆ ನೋಯಿಸಿಕೊಳ್ತೀರಿ? ಹಳೇದಕ್ಕೆ ತಾರೀಖು ಬದಲಾಯಿಸಿ ಕಳಿಸಿ.”

ನಿಜ ಹೇಳಲೇ? ನಾಚಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಆ ಕಾಲದಲ್ಲಿ ಎಷ್ಟು ಸೊಗಸಾಗಿ ಬೈಯುತ್ತಿದ್ದೆ! ಬೆಳಗಿನ ಪತ್ರದಲ್ಲಿ ಕನ್ನಡಕದ ಆ ಮಾತೇ ಇರಲಿಲ್ಲ. ಪತ್ರಿಕೆಯ ಗುಣಮಟ್ಟ ಹಾಗೇ ಇದ್ದಿರಬಹುದು, ಇಳಿದದ್ದು ನನ್ನದೇ.

ಶನಿವಾರ ರದ್ದಿಯವನು ಬಂದು ಎಲ್ಲವನ್ನೂ ಹೊತ್ತುಕೊಂಡು ಹೋದ. ತೀರ್ಪಿಗೆ ತೆಗೆದಿಟ್ಟಿದ್ದ ಆ ಎರಡು ಮಾತ್ರ ಉಳಿದವು.

ಭಾನುವಾರ ಅತ್ತೆಯವರು ಮಲಗಿದರೆ ಮಂಚದ ಒಂದು ಕಾಲು ಗಿಡ್ಡ. ಹೊಸ ಸಂಚಿಕೆ ಮಡಿಸಿ ಅದರಡಿ ಒತ್ತು ಕೊಟ್ಟು ನೋಡಿದೆ, ತೆಳ್ಳಗಾಯಿತು. ನೀಲಿ ಸಂಚಿಕೆ ಕೊಟ್ಟೆ, ಆ ಮೂಲೆ ಬಂಡೆಯ ಹಾಗೆ ನಿಂತಿತು.

“ನೋಡಿದ್ಯಾ?” ಎಂದೆ ಹೆಂಡತಿಗೆ, ನೆಲದ ಮೇಲೆ ಬೋರಲು ಮಲಗಿಕೊಂಡೇ. “ನಾನು ಅವತ್ತೇ ಹೇಳಲಿಲ್ವಾ, ಹಳೇದೇ ವಾಸಿ ಅಂತ?”

“ಅಳಿಯಂದಿರೇ, ಮಾತು ಆಮೇಲೆ,” ಎಂದರು ಅತ್ತೆ ಮೇಲಿನಿಂದ. “ಮಂಚದ ಈ ಕಡೆ ಕಾಲಿಗೂ ಒಂದು ಬೇಕಿತ್ತು. ಇನ್ನೊಂದು ಹಳೇದು ಇಟ್ಟುಕೊಂಡಿಲ್ವಾ?”