ಕಳ್ಳನಿಗಾಗಿ ಸವೆಸಿದ ಸ್ಕ್ರೂ

ಕೆಲಸ ಮಾಡದೆ ಕೆಟ್ಟವನನ್ನು ಜನ ಹೇಗೋ ಕ್ಷಮಿಸುತ್ತಾರೆ. ಕೆಲಸ ಜಾಸ್ತಿ ಮಾಡಿ ಕೆಟ್ಟವನಿಗೆ ಮಾತ್ರ ಎಲ್ಲೂ ಅನುಕಂಪ ಸಿಗುವುದಿಲ್ಲ. ನಾನು ಈ ಎರಡನೆಯ ಗುಂಪಿನವನು. ಏಳನೇ ತರಗತಿಯಲ್ಲಿ ಶಾಲೆ ಬಿಟ್ಟ ಮೇಲೆ ನನ್ನನ್ನು ಸಾಕಿದ್ದು ಈ ಎರಡು ಕೈಗಳೇ. ದೆಹಲಿಯ ಲಕ್ಷ್ಮೀ ನಗರದಲ್ಲಿ ಇಡ್ಲಿ, ದೋಸೆ ಹಿಟ್ಟು ರುಬ್ಬಿ, ಕವರಿಗೆ ತುಂಬಿ, ರಬ್ಬರ್ ಬ್ಯಾಂಡ್ ಬಿಗಿದು ಮನೆಮನೆಗೆ ತಲುಪಿಸುವುದು ನನ್ನ ಕಸುಬು. ಗ್ರೈಂಡರಿನ ಬೆಲ್ಟು ನಾನೇ ಹಾಕುತ್ತೇನೆ, ಫ್ಯಾನು, ಮಿಕ್ಸಿ, ನಲ್ಲಿ ಎಲ್ಲವನ್ನೂ ನಾನೇ ಬಿಚ್ಚುತ್ತೇನೆ. ಮೆಕ್ಯಾನಿಕ್ಕನ ಅಂಗಡಿ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಯುತ್ತ ಕೂತ ಗಂಡಸರನ್ನು ಕಂಡರೆ ನನಗೆ ಮರುಕ ಬರುತ್ತಿತ್ತು. ಈಗ ಬರುವುದಿಲ್ಲ. ಅದಕ್ಕೆ ಕಾರಣ ನನ್ನ ಕಾರಿನ ಹಿಂದಿನ ದೀಪ.

ಕಾರು ಹಳೆಯದು. ನನ್ನ ಕೈಗೆ ಬರುವ ಹೊತ್ತಿಗೇ ಅದಕ್ಕೆ ಮಧ್ಯವಯಸ್ಸು ದಾಟಿತ್ತು. ಹಿಟ್ಟಿನ ಡಬರಿಗಳನ್ನು ಹೊತ್ತು ಹೊತ್ತು ಹಿಂದಿನ ಸೀಟಿಗೆ ಹುಳಿ ವಾಸನೆ ಶಾಶ್ವತವಾಗಿ ಅಂಟಿಕೊಂಡಿದೆ. ಆದರೂ ನಮ್ಮ ವಂಶದಲ್ಲಿ ಕಾರು ಕೊಂಡ ಮೊದಲಿಗ ನಾನು. ನಮ್ಮ ಗಲ್ಲಿಯಲ್ಲಿ ಬೆಳಗ್ಗೆ ಎದ್ದರೆ ಯಾರದಾದರೂ ಕಾರಿನ ಕನ್ನಡಿಯೋ ಹಿಂದಿನ ದೀಪವೋ ಮಾಯವಾಗಿರುತ್ತದೆ. ಕಳೆದುಕೊಂಡವರು ಹಳೆಯ ಸಾಮಾನಿನ ಬಜಾರಿಗೆ ಹೋಗಿ ಇನ್ನೊಬ್ಬರು ಕಳೆದುಕೊಂಡದ್ದನ್ನು ಕೊಂಡು ತರುತ್ತಾರೆ. ಈ ಸುತ್ತಾಟಕ್ಕೆ ಸೇರಬಾರದೆಂದು, ಕಾರು ತಂದ ವಾರವೇ ನಾನು ಎರಡೂ ದೀಪಗಳ ಸ್ಕ್ರೂಗಳನ್ನು ಮೈಯ ಬಲವೆಲ್ಲ ಹಾಕಿ ಬಿಗಿದು, ಅವುಗಳ ತಲೆಯ ಮೇಲಿನ ಪ್ಲಸ್ ಗುರುತನ್ನು ಅರದಿಂದ ಉಜ್ಜಿ ಉಜ್ಜಿ ಸವೆಸಿದೆ. ಯಾವ ಕಳ್ಳನ ಪೇಚ್‌ಕಸ್ಸೂ, ಅಂದರೆ ಸ್ಕ್ರೂಡ್ರೈವರೂ, ಹಿಡಿಯಬಾರದು. ಗಲ್ಲಿಯವರೆಲ್ಲ ಬಂದು ನೋಡಿ ಹೊಗಳಿದರು. ಕೆಲವರು ಅರವನ್ನು ಕೇಳಿ ತೆಗೆದುಕೊಂಡು ಹೋದರು. ದೀಪದೊಳಗೆ ಬಲ್ಬು ಎಂಬುದೊಂದಿದೆ, ಅದಕ್ಕೂ ಆಯುಸ್ಸು ಇರುತ್ತದೆ ಎಂದು ಆ ಹೊಗಳಿಕೆಯ ನಡುವೆ ಯಾರಿಗೂ ಹೊಳೆಯಲಿಲ್ಲ.

ಎಡಗಡೆಯ ಬಲ್ಬು ಆರಿದ್ದು ಮಂಜು ಕವಿಯುವ ಕಾಲದಲ್ಲಿ, ಅದೂ ನನ್ನ ಮಾವ ಊರಿನಿಂದ ಬರುವ ಎರಡು ದಿನ ಮೊದಲು. ಮಾವ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಹುಡುಗ ಓದಿಲ್ಲ ಎಂದು ಮದುವೆಗೆ ಮೊದಲು ಒಮ್ಮೆ ಹೇಳಿದ್ದರು. ಆಮೇಲೆ ಹೇಳಲಿಲ್ಲ, ಆದರೆ ಮರೆಯಲೂ ಇಲ್ಲ. ದೆಹಲಿಗೆ ಬಂದಾಗಲೆಲ್ಲ ಗುರಗಾಂವಿನ ಮಗನ ದೊಡ್ಡ ಕಾರಿನಲ್ಲೇ ಓಡಾಟ. ಈ ಸಲ ಮಾತ್ರ ಫೋನಿನಲ್ಲಿ, "ಸ್ಟೇಷನ್ನಿಗೆ ಅಳಿಯಂದಿರೇ ಬರಲಿ" ಎಂದಿದ್ದರು. ಸೋಮವಾರ ಸಂಜೆಯ ರೈಲು. ಅವರು ನನ್ನ ಕಾರಿನಲ್ಲಿ ಕೂರಬೇಕೆಂದು ನಾನು ಎಷ್ಟು ವರ್ಷ ಕಾದಿದ್ದೆನೆಂಬುದು ಹೆಂಡತಿ ಸರೋಜಳಿಗೂ ಗೊತ್ತಿಲ್ಲ.

"ಒಂದೇ ದೀಪದಲ್ಲಿ ಹೋದರೆ ಏನಾಗುತ್ತೆ?" ಎಂದೆ.

"ಮಂಜಲ್ಲಿ ಹಿಂದಿನ ಲಾರಿಯವನು ಸ್ಕೂಟರ್ ಅಂದ್ಕೊಂಡು ಪಕ್ಕದಲ್ಲಿ ನುಗ್ತಾನೆ ರೀ. ಪಕ್ಕದಲ್ಲಿ ನಮ್ಮಪ್ಪ ಕೂತಿರ್ತಾರೆ," ಎಂದಳು ಸರೋಜ.

ಭಾನುವಾರ ಬೆಳಗ್ಗೆ ಕೆಲಸಕ್ಕೆ ಕೂತೆ. ಪೇಚ್‌ಕಸ್ ಇಟ್ಟು ತಿರುಗಿಸಿದರೆ ಅದು ನುಣ್ಣಗೆ ಜಾರಿತು, ನಾನು ಉಜ್ಜಿದ್ದೇ ಹಾಗೆ. ಸೀಮೆಎಣ್ಣೆ ಬಿಟ್ಟು ಕಾದೆ. ಉಳಿ ಇಟ್ಟು ಸುತ್ತಿಗೆಯಿಂದ ತಟ್ಟಿದೆ. ಸ್ಕ್ರೂ ಅಲ್ಲಾಡಲಿಲ್ಲ, ನನ್ನ ಹೆಬ್ಬೆರಳು ಊದಿತು. ಕಾಲೇಜಿಗೆ ಹೋಗುವ ಮಗಳು ಅನುಷಾ ಬಾಗಿಲಲ್ಲಿ ನಿಂತು, "ಪಪ್ಪಾ, ನೆಟ್‌ನಲ್ಲಿ ಲಿಖಾ ಹೈ, ನಡುವೆ ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸ್ಬೇಕಂತೆ," ಎಂದಳು. ರಬ್ಬರ್ ಬ್ಯಾಂಡಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ಇಟ್ಟು ಒತ್ತಿದೆ. ಸ್ಕ್ರೂ ಹಿಡಿದ ಹಾಗಾಯಿತು, ಕೂದಲೆಳೆಯಷ್ಟು ತಿರುಗಿದ ಹಾಗೂ ಆಯಿತು. ನನ್ನ ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಅಷ್ಟರಲ್ಲಿ ಬ್ಯಾಂಡು ಹರಿದು ಮೂಗಿಗೆ ಬಡಿಯಿತು, ನೀರು ಬಂದೇಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಆ ಸ್ಕ್ರೂಗಳಿಗೆ ತಲೆ ಎಂಬುದೇ ಉಳಿದಿರಲಿಲ್ಲ, ಹೆಚ್ಚುಕಡಿಮೆ ನನಗೂ. ಪಕ್ಕದ ಮನೆಯವರಿಂದ ಡ್ರಿಲ್ ತಂದು ಪ್ಲಗ್ಗಿಗೆ ಸಿಕ್ಕಿಸಿದೆ. ಕರೆಂಟು ಹೋಯಿತು, ಸಂಜೆಯವರೆಗೂ ಬರಲಿಲ್ಲ.

ಕೊನೆಗೆ, ಜೀವಮಾನದಲ್ಲಿ ಮೊದಲ ಸಲ, ಮೆಕ್ಯಾನಿಕ್ಕನ್ನು ಕರೆದೆ. ಅವನು ಬಗ್ಗಿ ನೋಡಿ ಕೇಳಿದ, "ಭಯ್ಯಾ, ಯೇ ಕಿಸ್‌ನೇ ಕಿಯಾ?"

ಯಾರು ಮಾಡಿದ್ದೆಂದು ಹೇಳುವ ಬದಲು ನಾನು ಊದಿದ ಹೆಬ್ಬೆರಳನ್ನು ಜೇಬಿಗೆ ತೂರಿಸಿದೆ. ದೀಪವನ್ನು ಒಡೆದೇ ತೆಗೆಯಬೇಕು, ಈ ಮಾಡೆಲಿನ ಹೊಸ ದೀಪ ಈಗ ಬರುವುದಿಲ್ಲ ಎಂದು ಹೇಳಿ ಅವನು ಹೋದ. ಒಂದೇ ದೀಪದಲ್ಲಿ ನಿಧಾನವಾಗಿ ಹೋಗಿಬಂದರಾಯಿತು, ಲಾರಿಗಳ ಮೇಲೆ ಭಾರ ಹಾಕೋಣ ಎಂದು ತೀರ್ಮಾನಿಸಿ ಮಲಗಿದೆ.

ಸೋಮವಾರ ಬೆಳಗ್ಗೆ ನೋಡಿದರೆ ಬಲಗಡೆಯ ದೀಪ ಇರಲಿಲ್ಲ. ಉರಿಯುತ್ತಿದ್ದದ್ದು ಅದೊಂದೇ. ಅದಕ್ಕೂ ನಾನು ಅರ ಹಾಕಿದ್ದೆ. ಅದರ ಸ್ಕ್ರೂಗಳನ್ನು ಕಳ್ಳ ಎಷ್ಟು ಅಚ್ಚುಕಟ್ಟಾಗಿ ಬಿಚ್ಚಿದ್ದನೆಂದರೆ, ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಎರಡು ವೈರು ಮಾತ್ರ ಹೊರಗೆ ಇಣುಕುತ್ತಿದ್ದವು. ಎಡಗಡೆಯದಕ್ಕೂ ಕೈ ಹಾಕಿದ್ದ. ನನ್ನವಲ್ಲದ ಹೊಸ ಗೀರುಗಳು ಅಲ್ಲಿದ್ದವು. ನಾನು ಭಾನುವಾರವಿಡೀ ದುಡಿದ ಆ ಸ್ಕ್ರೂಗಳ ಮುಂದೆ ಅವನೂ ಸೋತು ಹೋಗಿದ್ದ.

ಸರೋಜ ಗುರಗಾಂವಿನ ತಮ್ಮನಿಗೆ ಫೋನ್ ಮಾಡಿದಳು. ಸಂಜೆ ದೊಡ್ಡ ಕಾರು ಗಲ್ಲಿಗೆ ಬಂತು. ಅದು ಮಾವನನ್ನೂ ಅವರ ಚೀಲಗಳನ್ನೂ ಇಳಿಸಿ ಹೊರಟುಹೋಯಿತು. ನಾನು ಕಾಲಿಗೆರಗಿದೆ. ಮಾವ ಮನೆಯೊಳಗೆ ಹೋಗಲಿಲ್ಲ. ನನ್ನ ಕಾರಿನ ಹಿಂದೆ ಹೋಗಿ ಕನ್ನಡಕ ಏರಿಸಿ ಬಗ್ಗಿದರು.

"ಆ ಕಡೇದನ್ನ ಒಯ್ದವನು ಇದನ್ನ ಯಾಕೆ ಬಿಟ್ಟ?"

"ಬಿಚ್ಚೋಕೆ ಬಂದಿಲ್ಲ ಅನ್ಸುತ್ತೆ, ಮಾವ."

"ನಿಮಗೆ?"

"ನನಗೂ ಬರಲಿಲ್ಲ."

ಅವರು ಸ್ಕ್ರೂಗಳ ಮೇಲೆ ಬೆರಳಾಡಿಸಿದರು. "ಸರ್ವಿಸ್ಸೆಲ್ಲ ಸೇತುವೆ ಕಟ್ಟಿಸಿದೆ. ಇಷ್ಟು ಗಟ್ಟಿಯಾಗಿ ಯಾವುದನ್ನೂ ಕಟ್ಟಿಸಲಿಲ್ಲ," ಎಂದರು. ಹೊಗಳಿದರೋ ಬೈದರೋ ಇಂದಿಗೂ ತಿಳಿದಿಲ್ಲ. ಆಮೇಲೆ ತಾವೇ ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡರು. ನಾನು ಓಡಿಹೋಗಿ ಸ್ಟೀರಿಂಗಿನ ಮುಂದೆ ಕೂತೆ. ಎಲ್ಲಿಗೂ ಹೋಗಲಾಗದ ಕಾರಿನಲ್ಲಿ ಇಬ್ಬರೂ ನೇರವಾಗಿ ಮುಂದೆ ನೋಡುತ್ತ ಕೂತೆವು. ಮಾವ ಒಮ್ಮೆ ಮೂಗು ಅರಳಿಸಿ, "ಹಿಟ್ಟು ಚೆನ್ನಾಗಿ ಹುದುಗಿದೆ. ಬೆಳಗ್ಗೆ ದೋಸೆ ಮಾಡಲಿ," ಎಂದರು.

ಇಳಿಯುವಾಗ, "ಈ ಹಿಡಿ ಸ್ವಲ್ಪ ಅಲ್ಲಾಡುತ್ತೆ ನೋಡಿ," ಎಂದು ಬಾಗಿಲು ತೋರಿಸಿದರು. "ಈಗಲೇ ಬಿಗಿ ಮಾಡ್ತೀನಿ ಮಾವ, ಜನ್ಮದಲ್ಲಿ ಅಲ್ಲಾಡಬಾರದು," ಎಂದು ಪೇಚ್‌ಕಸ್ ತರಲು ನಾನು ಒಳಗೆ ಓಡಿದೆ. ಅದು ಇಟ್ಟ ಜಾಗದಲ್ಲಿರಲಿಲ್ಲ. ಅರವೂ ಇರಲಿಲ್ಲ. ಸರೋಜ ಅಡುಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎಲ್ಲಿಟ್ಟಿದ್ದಾಳೆಂದು ನಾನು ಇನ್ನೂ ಹುಡುಕುತ್ತಿದ್ದೇನೆ.